ಮಡಿಲಿಗೆ ಕಟ್ಟಿದ ಅವರೆ

ಚಳಿ ಶುರುವಾದರೆ ಯಲಹಂಕದ ಹಳೇ ಪೇಟೆ ಬೀದಿಯಲ್ಲಿ ಅವರೆಕಾಯಿ ರಾಶಿ ಬೀಳುತ್ತದೆ. ಗೋಣಿತಟ್ಟಿನ ಮೇಲೆ ಸುರಿದುಕೊಂಡು ಕೂತ ಹೆಂಗಸರು ಹೋಗಿ ಬರುವವರನ್ನೆಲ್ಲ ಕರೆದು, ಒಂದು ಕಾಯಿಯನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ. ಸೊಗಡು ಇದೆಯೋ ಇಲ್ಲವೋ ನೋಡಿಕೊಳ್ಳಲಿ ಎಂದು. ಸೊಗಡೆಂದರೆ ಚಳಿಗಾಲದ ನಾಟಿ ಅವರೆಗೆ ಮಾತ್ರ ಬರುವ ವಾಸನೆ. ಸಿಪ್ಪೆಯ ಮೇಲೆ ಜಿಡ್ಡಿನ ಹಾಗೆ ಅಂಟಿಕೊಂಡಿರುತ್ತದೆ, ಕಾಯಿ ಬಿಡಿಸಿದ ಬೆರಳಿನಿಂದ ಬೇಗ ಹೋಗುವುದಿಲ್ಲ. ಅಲ್ಲಾಳಸಂದ್ರದಲ್ಲಿ ನಮ್ಮ ಅಕ್ಕಪಕ್ಕದ ಮನೆಗಳಲ್ಲಿ ಆ ಎರಡು ತಿಂಗಳು ಅವರೆಕಾಳಿನದೇ ಹುಳಿ, ಅವರೆಕಾಳಿನದೇ ಉಪ್ಪಿಟ್ಟು, ಹಿತಕಿದ ಬೇಳೆಯದೇ ಸಾರು. ನಾನು ಮಾತ್ರ ಆ ಬೀದಿ ಬಿಟ್ಟು ಹಿಂದಿನ ಬೀದಿಯಲ್ಲಿ ಹೋಗುತ್ತೇನೆ. ಕೇಳಿದವರಿಗೆ ನನಗೆ ಅವರೆ ತಿಂದರೆ ವಾಯು ಎಂದು ಹೇಳಿದ್ದೇನೆ. ನನ್ನ ಗಂಡ ಇಷ್ಟು ವರ್ಷ ಅದನ್ನು ನಂಬಿಕೊಂಡು ಬಂದಿದ್ದಾರೆ, ಪಾಪ.

ವಾಯು ಅಲ್ಲ, ನಾಚಿಕೆ. ಆ ವಾಸನೆ ಮೂಗಿಗೆ ಬಡಿದರೆ ನನಗೆ ನನ್ನ ಮುಖ ನೋಡಿಕೊಳ್ಳಲು ಆಗುವುದಿಲ್ಲ. ಯಾಕೆಂದು ಯಾರಿಗೂ ಹೇಳಿಲ್ಲ, ಹೇಳುವ ಧೈರ್ಯ ಬಾಯಿಗೆ ಬರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಕೃಷಿ ಪದವಿ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ, ಒಂದು ಕಟ್ಟಡದ ಎರಡನೇ ಮಹಡಿಯಲ್ಲಿದ್ದ ಸಣ್ಣ ಕಂಪನಿಗೆ. ಹೊಲದಲ್ಲಿ ಡೀಸೆಲ್ ಬೆಳೆಸುವುದು ಕಂಪನಿಯ ಕೆಲಸ. ರೈತರಿಂದ ಜಟ್ರೋಫಾ ನೆಡಿಸಿ, ಅದರ ಬೀಜ ಕೊಂಡು, ಎಣ್ಣೆ ತೆಗೆದು, ಬಸ್ಸು ಲಾರಿ ಓಡಿಸುವ ಇಂಧನ ಮಾಡುತ್ತೇವೆ ಎಂದು ಗೋಡೆಯ ಮೇಲೆ ದೊಡ್ಡ ಚಿತ್ರ ಹಾಕಿಕೊಂಡಿದ್ದರು. ಜಟ್ರೋಫಾ ಎಂದರೆ ಏನೋ ವಿದೇಶದ ಅದ್ಭುತ ಎಂದುಕೊಳ್ಳಬೇಡಿ. ನಮ್ಮ ಕಡೆ ಕಾಡು ಹರಳು ಅನ್ನುತ್ತಾರೆ. ಎಲೆ ಮುರಿದರೆ ಹಾಲು ಸೋರುತ್ತದೆ, ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಬೀಜ ತಿಂದರೆ ವಾಂತಿ. ದನ ಮೇಕೆ ಮುಟ್ಟುವುದಿಲ್ಲ ಎಂದು ಹಿಂದಿನವರು ಬೇಲಿಗೆ ಹಾಕುತ್ತಿದ್ದರು, ಅಷ್ಟೇ.

ನಾನು ಫೀಲ್ಡ್ ಆಫೀಸರ್. ಸ್ಕೂಟಿಯಲ್ಲಿ ಹಳ್ಳಿಹಳ್ಳಿ ತಿರುಗಿ, ಅರಳಿಕಟ್ಟೆಯ ಮೇಲೆ ಕೂತ ಹಿರಿಯರಿಗೆ ಭಾಷಣ ಬಿಗಿಯುತ್ತಿದ್ದೆ. ನೀರು ಬೇಡ, ಗೊಬ್ಬರ ಬೇಡ, ಔಷಧಿ ಹೊಡೆಯಬೇಕಿಲ್ಲ, ಒಂದು ಸಲ ನೆಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಫಸಲು. ಇಷ್ಟನ್ನೂ ಉಸಿರು ಬಿಡದೆ ಹೇಳುತ್ತಿದ್ದೆ. ಅವರು ನನ್ನ ಕಣ್ಣು ಮೂಗು ನೋಡಿಕೊಂಡು ಕೇಳಿ, ಕಾಫಿ ಕುಡಿಸಿ ಕಳಿಸುತ್ತಿದ್ದರು. ಒಬ್ಬರೂ ನೆಡಲಿಲ್ಲ. ಜನಕ್ಕೆ ತಿಳುವಳಿಕೆ ಇಲ್ಲ ಎಂದು ನಾನು ಆಫೀಸಿಗೆ ಬಂದು ಸಿಡುಕುತ್ತಿದ್ದೆ. ಮೋಸ ಮಾಡುತ್ತಿದ್ದೇನೆಂದು ನನಗೆ ಅನ್ನಿಸಿರಲಿಲ್ಲ. ಹೇಳಿದ್ದನ್ನೆಲ್ಲ ನಂಬಿಯೇ ಹೇಳಿದ್ದೆ. ಆದರೆ ನಾನು ಹೇಳಿದ ಹಾಗೆ ಬೆಳೆದ ಒಂದೇ ಒಂದು ಗಿಡವನ್ನೂ ಆ ತನಕ ಕಣ್ಣಾರೆ ಕಂಡಿರಲಿಲ್ಲ.

ಮ್ಯಾನೇಜರಿಗೆ ಒಂದು ಡೆಮೊ ಪ್ಲಾಟ್ ಬೇಕಿತ್ತು. ಆಗಷ್ಟೇ ಹೊಸ ವಿಮಾನ ನಿಲ್ದಾಣ ಶುರುವಾಗಿತ್ತು. ಅಲ್ಲಿ ಬಂದಿಳಿದ, ಕಂಪನಿಗೆ ಹಣ ಹಾಕುವ ದೊಡ್ಡವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ಗಿಡ ತೋರಿಸಿ, ಎಳನೀರು ಕುಡಿಸಿ, ಊಟದ ಹೊತ್ತಿಗೆ ಊರೊಳಗೆ ತಂದು ಬಿಡುವಷ್ಟು ಹತ್ತಿರದ ಹೊಲ ಆಗಬೇಕು. ಮೂರು ತಿಂಗಳು ಸುತ್ತಿದರೂ ಯಾರೂ ಒಪ್ಪಲಿಲ್ಲ. ನನ್ನ ಕೆಲಸ ಕಾಯಂ ಆಗುವುದು ಆ ಪ್ಲಾಟಿನ ಮೇಲೆ ನಿಂತಿತ್ತು. ಆಗ ನನಗೆ ನೆನಪಾದದ್ದು ಅತ್ತೆ.

ಗಂಡನ ತಾಯಿಯಲ್ಲ, ಸೋದರತ್ತೆ, ನಮ್ಮಪ್ಪನ ಅಕ್ಕ. ಯಲಹಂಕ ದಾಟಿ, ರಾಜಾನುಕುಂಟೆಯನ್ನೂ ದಾಟಿ, ಬಲಕ್ಕೆ ತಿರುಗಿದರೆ ಅವಳ ಹಳ್ಳಿ. ನಾನು ಕಾಲೇಜಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅಲ್ಲಿಂದಾಚೆಗೆ ನನಗೆ ತಲೆಗೆ ಎಣ್ಣೆ ಹಚ್ಚುವುದರಿಂದ ಹಿಡಿದು ಬೈಯುವುದರವರೆಗೆ ಎಲ್ಲ ಅತ್ತೆಯದೇ. ಮಾವ ಹೋದ ಮೇಲೆ ಎರಡೆಕರೆ ಹೊಲದ ಯಜಮಾನಿಕೆಯೂ ಅವಳದು. ಮಗ ದೊಡ್ಡಬಳ್ಳಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದ. ಹೊಲದ ಮಾತು ಎತ್ತಿದರೆ ಅಮ್ಮನ್ನ ಕೇಳಿ ಎಂದು ನಕ್ಕು ಜಾಗ ಖಾಲಿ ಮಾಡುತ್ತಿದ್ದ.

ಅತ್ತೆ ಬೆಳೆಯುತ್ತಿದ್ದದ್ದು ರಾಗಿ. ರಾಗಿ ಬಿತ್ತುವಾಗ ನಮ್ಮ ಕಡೆ ಕೆಲವು ಸಾಲಿಗೊಮ್ಮೆ ಒಂದು ಸಾಲು ಬಿಟ್ಟು ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬಿತ್ತುತ್ತಾರೆ. ಅದಕ್ಕೆ ಅಕ್ಕಡಿ ಸಾಲು ಎಂದು ಹೆಸರು. ರಾಗಿ ಮನೆಯದು, ಅಕ್ಕಡಿ ಹೆಂಗಸರದು. ಬೀಜ ಆರಿಸಿ ಬೂದಿ ಬೆರೆಸಿ ಮಡಕೆಯಲ್ಲಿ ಇಡುವವರೂ ಅವರೇ, ಕೂರಿಗೆಯ ಹಿಂದೆ ನಡೆದು ಬಿತ್ತುವವರೂ ಅವರೇ, ಬಂದದ್ದರಲ್ಲಿ ಯಾರ ಮನೆಗೆ ಎಷ್ಟು ಕಳಿಸಬೇಕೆಂದು ತೀರ್ಮಾನಿಸುವವರೂ ಅವರೇ. ಗಂಡಸರು ಅದರಲ್ಲಿ ಬಾಯಿ ಹಾಕುವಂತಿಲ್ಲ, ಬಾಯಿಗೆ ಹಾಕಿಕೊಳ್ಳಬಹುದು ಎಂದು ಅತ್ತೆ ತಮಾಷೆ ಮಾಡುತ್ತಿದ್ದಳು.

ಅವಳ ಅಕ್ಕಡಿಯ ಅವರೆ ಶೆಟ್ಟಿಹಳ್ಳಿಯದು. ಶೆಟ್ಟಿಹಳ್ಳಿ ಅವಳ ತವರು, ನಮ್ಮೂರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ನಮ್ಮಜ್ಜಿ ಮಡಿಲಕ್ಕಿಯ ಜೊತೆಗೆ ಒಂದು ಹಿಡಿ ಬಿತ್ತನೆ ಅವರೆ ಕಟ್ಟಿದ್ದರಂತೆ. ನಮ್ಮ ಮನೆತನದ ಹೆಣ್ಣುಮಕ್ಕಳಿಗೆ ಅದೊಂದು ಪದ್ಧತಿ. ಮಡಿಲಿನ ಅಕ್ಕಿಯನ್ನು ಗಂಡನ ಮನೆಯಲ್ಲಿ ಪಾಯಸ ಮಾಡಿ ಉಣ್ಣಬೇಕು, ಅವರೆಯನ್ನು ಬಿತ್ತಬೇಕು. ಅಜ್ಜಿಯ ಹೊಲ ನಾನು ಪ್ರೈಮರಿ ಶಾಲೆಯಲ್ಲಿದ್ದಾಗಲೇ ಬಡಾವಣೆಯಾಯಿತು. ಈಗ ಅಲ್ಲಿ ಮೂರಂತಸ್ತಿನ ಮನೆಗಳು, ಒಂದು ಜಿಮ್ಮು, ಒಂದು ಬೇಕರಿ. ಅಜ್ಜಿಯ ಅವರೆ ಮಾತ್ರ ಅತ್ತೆಯ ಹೊಲದಲ್ಲಿ ವರ್ಷವರ್ಷವೂ ಹುಟ್ಟುತ್ತಿತ್ತು. ಬೇರೆ ಅವರೆ ಸಿಗುತ್ತಿರಲಿಲ್ಲವೆಂದಲ್ಲ. ಇದು ನಮ್ಮವ್ವನ ಅವರೆ ಎಂದು ಅತ್ತೆ ಹೇಳುವಾಗ ಅವಳ ದನಿ ಸ್ವಲ್ಪ ಬೇರೆಯಾಗುತ್ತಿತ್ತು. ಈ ಪದ್ಧತಿಯ ಮಾತನ್ನು ನಾನು ಕೇಳಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕೇಳಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ.

ನನ್ನ ಪ್ರಸ್ತಾಪ ಕೇಳಿ ಅತ್ತೆ ಮೊದಲು ನಕ್ಕಳು.

"ಬೇಲಿಗ್ ಆಕೋ ಗಿಡಾನ ಒಲದ್ ಮಧ್ಯಕ್ಕೆ ಆಕು ಅಂತೀಯಲ್ಲ ಮಗ. ಎಣ್ಣೆ ಬೇಕಂದ್ರೆ ಬದಿನಾಗೆ ಒಂಗೆ ಮರ ಐತಲ್ಲ."

ಹೊಂಗೆ ಫಲಕ್ಕೆ ಬರುವುದು ನಿಧಾನ, ಇದು ಮೂರೇ ವರ್ಷಕ್ಕೆ ಬರುತ್ತದೆ ಎಂದು ವಿವರಿಸಿದೆ. ಹೊಲದಲ್ಲಿ ಇದೇ ಇದ್ದರೆ ಮನೆಗೆ ರಾಗಿ ಎಲ್ಲಿಂದ ಎಂದಳು. ಅಂಗಡಿಯಲ್ಲಿ ಸಿಗುತ್ತದಲ್ಲ ಎಂದೆ. ಹುಟ್ಟಿದಾಗಿನಿಂದ ಅಂಗಡಿಯ ರಾಗಿ ತಿನ್ನದ ಹೆಂಗಸಿಗೆ ಹಾಗೆ ಹೇಳಿದೆ. ಆಮೇಲೂ ಅವಳು ಏನೋ ಕೇಳಲು ಬಾಯಿ ತೆಗೆದಾಗ, ನಾನು ಓದಿರುವುದೇ ಇದನ್ನು, ನೀನು ಸುಮ್ಮನಿರು ಅತ್ತೆ ಎಂದುಬಿಟ್ಟೆ. ಅವಳು ಆ ಪ್ರಶ್ನೆ ಬಿಟ್ಟು, ನಿನಗೆ ಕೆಲಸ ಕಾಯಂ ಆಗುತ್ತದಾ ಎಂದು ಕೇಳಿದಳು. ಆಗುತ್ತದೆ ಎಂದೆ. ಅವಳು ಒಪ್ಪಿದ್ದು ಗಿಡಕ್ಕಲ್ಲ, ಅದಕ್ಕೆ.

ಅರ್ಜಿಯಲ್ಲಿ ಭೂಮಿಯ ಸ್ವರೂಪ ಎಂದೊಂದು ಕಾಲಂ ಇತ್ತು. ಇಂಧನ ಬೆಳೆ ಹಾಕುವುದು ಉಪಯೋಗಕ್ಕೆ ಬಾರದ ಜಮೀನಿನಲ್ಲಿ ಮಾತ್ರ, ಊಟದ ಬೆಳೆಯ ನೆಲವನ್ನು ನಾವು ಮುಟ್ಟುವುದಿಲ್ಲ ಎಂದು ಕಂಪನಿ ಎಲ್ಲ ಕಡೆ ಹೇಳಿಕೊಂಡಿತ್ತು. ಹಾಗಾಗಿ ಅಲ್ಲಿ ಏನು ಬರೆಯಬೇಕೆಂದು ಮೊದಲೇ ಗೊತ್ತಿತ್ತು. ಪಾಳು ಎಂದು ಬರೆದೆ. ಅತ್ತೆ ಸಹಿ ಹಾಕುವ ಮುಂಚೆ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಆ ಪದದ ಹತ್ತಿರ ಬಂದು ಬೆರಳು ನಿಂತಿತು.

"ಇದು ಯಾರ್ ಒಲ?" ಎಂದಳು.

ಹಾಗೆ ಬರೆದರೇನೇ ಕಾಗದ ಮುಂದಕ್ಕೆ ಹೋಗುವುದು, ಬರೀ ಬರವಣಿಗೆ ಅದು ಎಂದೆ. ಹಿಂದಿನ ವಾರ ತಾನೇ ಅವಳು ಆ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹೊಡೆಸಿದ್ದಳು. ಇನ್ನೇನೂ ಕೇಳದೆ ಸಹಿ ಹಾಕಿದಳು.

ಆ ಮುಂಗಾರಿಗೆ ಸಸಿ ನೆಟ್ಟೆವು. ನನ್ನ ಕೆಲಸ ಕಾಯಂ ಆಯಿತು. ಮುಂದಿನ ವೈಶಾಖದಲ್ಲಿ ನನ್ನ ಮದುವೆಯೂ ಆಯಿತು. ಅಮ್ಮನ ಜಾಗದಲ್ಲಿ ನಿಂತು ಮಡಿಲು ತುಂಬಿದವಳು ಅತ್ತೆ. ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು ಹಾಕಿ ಸೆರಗು ಗಂಟು ಹಾಕುವಾಗ, ಒಳಗೆ ಒಂದು ಚಿಕ್ಕ ಗಂಟಿನಲ್ಲಿ ಅವರೆಯೂ ಇದೆ ಎಂದು ಕಿವಿಯ ಹತ್ತಿರ ಹೇಳಿದಳು. ಫೋಟೋದವನು ಆ ಕಡೆಯಿಂದ ಇತ್ತ ನೋಡಿ ಮೇಡಂ ಎಂದು ಕೂಗುತ್ತಿದ್ದ. ನಾನು ತಲೆ ಆಡಿಸಿ ಅವನ ಕಡೆ ತಿರುಗಿದೆ.

ಗಂಡನ ಮನೆ ಆಗ ಆರ್‌.ಟಿ. ನಗರದಲ್ಲಿ, ಬಾಡಿಗೆ ಮನೆ. ಕುಂಡದಲ್ಲಿ ಒಂದು ತುಳಸಿ ಬಿಟ್ಟರೆ ಅಲ್ಲಿ ಮಣ್ಣೇ ಇರಲಿಲ್ಲ. ನಮ್ಮ ಅತ್ತೆಮ್ಮ, ಎಂದರೆ ಗಂಡನ ತಾಯಿ, ಶಾಸ್ತ್ರದ ಪ್ರಕಾರ ಮಡಿಲಕ್ಕಿಯ ಪಾಯಸ ಮಾಡಿದರು. ಚಿಕ್ಕ ಗಂಟು ಬಿಚ್ಚಿ ಇದೇನು ಎಂದು ಕೇಳಿದರು. ಅವರೆ, ನೆನೆಹಾಕಿದರೆ ನಾಳೆ ಹುಳಿಗಾಗುತ್ತದೆ ಎಂದವಳು ನಾನೇ, ನೆನೆಹಾಕಿದವಳೂ ನಾನೇ. ಮಾರನೆಯ ದಿನ ನನ್ನ ರಜೆ ಮುಗಿದಿತ್ತು. ಗಡಿಬಿಡಿಯಲ್ಲಿ ಬದನೆಕಾಯಿಯ ಜೊತೆ ಹುಳಿಗೆ ಹಾಕಿ, ಬಾಕ್ಸಿಗೆ ತುಂಬಿಕೊಂಡು ಆಫೀಸಿಗೆ ಹೋದೆ. ಅದರಲ್ಲಿ ತಪ್ಪು ನಡೆಯಿತೆಂದು ನನಗೆ ಹೊಳೆಯಲೂ ಇಲ್ಲ.

ಎರಡನೇ ಮಳೆಗಾಲದಲ್ಲಿ ಅತ್ತೆ ನನಗೆ ಹೇಳದೆ ಒಂದು ಕೆಲಸ ಮಾಡಿದ್ದಳು. ಜಟ್ರೋಫಾ ಸಾಲುಗಳ ನಡುವಿನ ಜಾಗದಲ್ಲಿ ಅವರೆ ಊರಿದ್ದಳು. ಇಷ್ಟಗಲ ನೆಲ ಸುಮ್ಮನೆ ಬಿದ್ದಿದೆಯಲ್ಲ ಎಂಬುದು ಅವಳ ಲೆಕ್ಕ. ಕಾರ್ತಿಕದ ಹೊತ್ತಿಗೆ ಬಳ್ಳಿಗಳು ನಮ್ಮ ಗಿಡಗಳನ್ನು ಹಿಡಿದುಕೊಂಡು ಹತ್ತಿದ್ದವು. ನೋಡಿದರೆ ಅದು ಅವರೆಯ ಹೊಲ, ಜಟ್ರೋಫಾ ಅದಕ್ಕೆ ಆಸರೆಗೆ ನೆಟ್ಟ ಕೋಲು ಎನ್ನಬೇಕು, ಹಾಗಿತ್ತು. ಚಳಿ ಬೀಳುವುದನ್ನು ಕಾಯುತ್ತಿದ್ದ ಬಳ್ಳಿಗಳು. ಇನ್ನೂ ಮೊಗ್ಗು ಬಂದಿರಲಿಲ್ಲ.

ಅದೇ ವಾರ ದೊಡ್ಡವರ ಭೇಟಿ ನಿಗದಿಯಾಯಿತು. ಮ್ಯಾನೇಜರು ಭೇಟಿಯ ಹಿಂದಿನ ದಿನ ಬೆಳಿಗ್ಗೆಯೇ ಬಂದು ನೋಡಿ, ಮೈಮೇಲೆ ಬಂದವರಂತೆ ಆಡಿದರು. ಒಂದೇ ಬೆಳೆಯ ಪ್ಲಾಟ್ ಎಂದು ಬರೆದುಕೊಟ್ಟಿದ್ದೇವೆ, ಪಾಳು ನೆಲದಲ್ಲಿ ಅವರೆ ಹೇಗೆ ಬಂತು ಎಂದು ಕೇಳಿದರೆ ಏನು ಹೇಳುತ್ತೀಯ ಎಂದರು. ಅತ್ತೆ ಮಗನ ಹೆಂಡತಿಯ ತವರಿನಲ್ಲಿ ಏನೋ ಶುಭಕಾರ್ಯವೆಂದು ಹೋಗಿದ್ದಳು. ಫೋನು ಮಾಡಬಹುದಿತ್ತು. ಮಾಡಿದರೆ ಬೇಡ ಎನ್ನುತ್ತಾಳೆಂದು ಮಾಡಲಿಲ್ಲ. ಇಬ್ಬರು ಆಳುಗಳನ್ನು ಹಿಡಿದು ಮಧ್ಯಾಹ್ನದೊಳಗೆ ಎಲ್ಲ ಬಳ್ಳಿ ಕೀಳಿಸಿದೆ. ಆಳುಗಳಲ್ಲಿ ಒಬ್ಬಾಕೆ ವಯಸ್ಸಾದವಳು. ಬುಡಕ್ಕೆ ಕೈ ಹಾಕುವ ಮುಂಚೆ, ಇದು ನಿಮ್ಮತ್ತೆಗೆ ಗೊತ್ತಾ ಎಂದು ಎರಡು ಸಲ ಕೇಳಿದಳು. ಗೊತ್ತು ಎಂದೆ. ಅವಳ ಜೊತೆ ನಾನೂ ಬಗ್ಗಿ ಕಿತ್ತೆ.

ಸಂಜೆ ಅತ್ತೆ ಬಂದಾಗ ಬಳ್ಳಿಯ ರಾಶಿ ಬದುವಿನ ಮೇಲೆ ಬಾಡುತ್ತಿತ್ತು. ಅವಳು ಬೈಯುತ್ತಾಳೆಂದು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಬಳ್ಳಿ ಎತ್ತಿ, ತುದಿಯಿಂದ ಬುಡದವರೆಗೆ ಕಾಯಿಗಾಗಿ ಹುಡುಕಿದಳು. ಇರಲಿಲ್ಲ.

"ಒಂದ್ ತಿಂಗ್ಳು ತಡ್ಕೋಬಾರ್ದಿತ್ತಾ," ಎಂದಳು. ಅಷ್ಟೇ ಹೇಳಿ, ರಾಶಿಯನ್ನು ಎತ್ತಿ ಹಸುವಿಗೆ ಹಾಕಲು ಹೋದಳು.

ಮಾರನೆಯ ದಿನ ದೊಡ್ಡವರು ಬಂದರು. ಶೂಗೆ ಮಣ್ಣಾಗುತ್ತದೆಂದು ಬದುವಿನ ಮೇಲೆಯೇ ನಿಂತು ನೋಡಿದರು. ಎಳನೀರು ಕುಡಿದರು. ಅವರಲ್ಲಿ ಒಬ್ಬರು, ಇಲ್ಲಿ ಮೊದಲು ಏನಾದರೂ ಬೆಳೆಯುತ್ತಿದ್ದರೇ ಎಂದು ಮರ್ಯಾದೆಯಿಂದಲೇ ಕೇಳಿದರು. ಇಲ್ಲ ಸರ್, ಪಾಳು ಬಿದ್ದಿತ್ತು ಎಂದೆ. ಎಳನೀರಿನ ಬುರುಡೆ ಹಿಡಿದುಕೊಂಡು ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದಳು.

ಗಿಡದ ಕಥೆ ಉದ್ದ ಹೇಳುವುದಕ್ಕೆ ಏನಿಲ್ಲ. ನೀರು ಬೇಡ ಎಂದು ಹೇಳಿದ್ದ ಗಿಡ ನೀರಿಲ್ಲದೆ ಎಲೆ ಉದುರಿಸಿಕೊಂಡು ನಿಂತಿತು. ಒಂದೇ ಗೊಂಚಲಿನಲ್ಲಿ ಒಂದು ಕಾಯಿ ಹಸಿರು, ಒಂದು ಹಳದಿ, ಒಂದು ಕಪ್ಪು. ಹಣ್ಣಾದದ್ದನ್ನಷ್ಟೇ ಆರಿಸಿ ಕೀಳಲು ದಿನವಿಡೀ ಬೇಕು. ಒಂದು ಸಲ ಬಂದ ಆಳು ಮತ್ತೊಂದು ಸಲ ಬರುತ್ತಿರಲಿಲ್ಲ. ಮೂರನೇ ವರ್ಷ ಎರಡೆಕರೆಗೆ ಸಿಕ್ಕಿದ್ದು ಒಂದು ಮಂಕರಿ ಬೀಜ. ಅದನ್ನು ಒಯ್ಯಲು ಕಂಪನಿಯ ಗಾಡಿ ಬರಲಿಲ್ಲ. ಆಮೇಲೆ ಒಂದು ದಿನ ಹೆಬ್ಬಾಳದ ಆಫೀಸಿನ ಮೆಟ್ಟಿಲು ಹತ್ತಿದರೆ ಬಾಗಿಲಿಗೆ ಬೀಗ, ಬೋರ್ಡು ಕಿತ್ತ ಜಾಗದಲ್ಲಿ ನಾಲ್ಕು ಮೊಳೆ. ಮ್ಯಾನೇಜರು ಫೋನು ಎತ್ತಲಿಲ್ಲ.

ನನಗೆ ಯಶವಂತಪುರದ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ನನಗೆ ಸಿಕ್ಕಿತು. ಅತ್ತೆಯ ಮನೆಯಲ್ಲಿ ಅಷ್ಟು ವರ್ಷವೂ ಅಂಗಡಿಯ ರಾಗಿಯ ಮುದ್ದೆ. ನಾನು ಹೋದಾಗಲೆಲ್ಲ, ಮುದ್ದೆ ಗಂಟಾಯಿತು, ಈ ರಾಗಿಯೇ ಹೀಗೆ ಎಂದು ಅವಳು ತನ್ನ ಕೈಯದೇ ತಪ್ಪೆಂಬಂತೆ ಹೇಳಿಕೊಳ್ಳುತ್ತಿದ್ದಳು. ನಾನು ತಲೆ ತಗ್ಗಿಸಿ ನುಂಗುತ್ತಿದ್ದೆ. ಕೊನೆಗೆ ಅವಳ ಮಗನೇ ಜೆಸಿಬಿ ತರಿಸಿ ಗಿಡಗಳನ್ನೆಲ್ಲ ಬುಡಸಮೇತ ಎತ್ತಿಸಿದ. ಸೌದೆಗಾದರೂ ಆಗಲಿ ಎಂದು ಒಟ್ಟಿದರೆ, ಮೆತ್ತನೆಯ ಹಸಿ ಮರ, ಬರೀ ಹೊಗೆ. ಡೀಸೆಲ್ ಕೊಡುತ್ತದೆಂದು ನಾನು ಊರೂರು ಸಾರಿದ ಗಿಡ ಅತ್ತೆಯ ಒಲೆಯಲ್ಲೂ ಉರಿಯಲಿಲ್ಲ.

ಮತ್ತೆ ರಾಗಿ ಬಿತ್ತಲು ನೆಲ ಹದವಾದಾಗ ಅತ್ತೆ ಅಟ್ಟದಿಂದ ಬೀಜದ ಮಡಕೆ ಇಳಿಸಿದಳಂತೆ. ಅವತ್ತು ಬಳ್ಳಿ ಕಿತ್ತ ಮೇಲೆ ಅವಳು ಉಳಿದ ಕಾಳನ್ನು ಬೂದಿಯಲ್ಲಿ ಬೆರೆಸಿಟ್ಟವಳು ಮತ್ತೆ ಬಿತ್ತಿರಲಿಲ್ಲ. ಬೂದಿ ಜಾಡಿಸಿ ನೋಡಿದರೆ ಒಂದೊಂದು ಕಾಳಿನಲ್ಲೂ ತೂತು, ಒಳಗೆ ಹಿಟ್ಟು. ಈ ವಿಷಯವನ್ನೆಲ್ಲ ಅವಳು ನನಗೆ ಫೋನಿನಲ್ಲಿ ಹೇಳಿದಳು.

"ನಿನ್ ಮಡಿಲಿಗ್ ಕಟ್ಟಿದ್ನಲ್ಲ ಮಗ, ಆ ಅವರೆ ಐತಾ? ಹತ್ತರಾಗೆ ಒಂದು ಮೊಳೆತ್ರೂ ಸಾಕು."

ಆ ಕ್ಷಣದಲ್ಲೇ ನನಗೆ ಎಲ್ಲ ಒಟ್ಟಿಗೆ ನೆನಪಾಯಿತು: ಕಿವಿಯ ಹತ್ತಿರ ಹೇಳಿದ ಮಾತು, ಚಿಕ್ಕ ಗಂಟು, ಬದನೆಕಾಯಿ ಹುಳಿ. ನಿಜ ಹೇಳಲು ನಾಲ್ಕು ಮಾತು ಸಾಕಿತ್ತು.

"ಇದೆ ಅತ್ತೆ. ಜೋಪಾನವಾಗಿ ಇಟ್ಟಿದೀನಿ," ಎಂದೆ.

ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಯಲಹಂಕದ ಒಂದು ಬೀಜದ ಅಂಗಡಿಗೆ ಹೋಗಿ ನಾಟಿ ಅವರೆ ಕೇಳಿದೆ. ಎಲ್ಲ ನಾಟಿನೇ ಮೇಡಂ, ಕಣ್ಮುಚ್ಕೊಂಡು ತಗೊಂಡೋಗಿ ಎಂದ. ನಾನು ಅರಳಿಕಟ್ಟೆಯ ಮೇಲೆ ಮಾತಾಡುತ್ತಿದ್ದದ್ದೂ ಇದೇ ದನಿಯಲ್ಲಿ. ಮರುಪ್ರಶ್ನೆ ಮಾಡದೆ ತಂದೆ. ಮನೆಯಲ್ಲಿ ಮದುವೆಯ ಹಳೆಯ ಕುಪ್ಪಸದ ಬಟ್ಟೆ ಹುಡುಕಿ, ಅದರ ಒಂದು ಚೂರು ಹರಿದು, ಅರಿಸಿನ ಸವರಿ, ಹಳೆಯದಾಗಿ ಕಾಣಲೆಂದು ಕಿಟಕಿಯ ಬಿಸಿಲಿಗಿಟ್ಟೆ. ಕಾಳಿನ ಜೊತೆ ನಾಲ್ಕು ಅಕ್ಕಿಯನ್ನೂ ಹಾಕಿ ಗಂಟು ಕಟ್ಟಿದೆ. ಆ ನಾಲ್ಕು ಅಕ್ಕಿಕಾಳು ಹಾಕುವಾಗ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಈಗ ನೆನೆದರೆ ಕೆನ್ನೆ ಬಿಸಿಯಾಗುತ್ತದೆ.

ಭಾನುವಾರ ಒಯ್ದು ಕೊಟ್ಟೆ. ಅತ್ತೆ ಕೈ ಚಾಚಲಿಲ್ಲ, ಸೆರಗು ಒಡ್ಡಿದಳು. ಗಂಟನ್ನು ಕಣ್ಣಿಗೆ ಒತ್ತಿಕೊಂಡು, ಒಳಗೆ ದೇವರ ಮುಂದೆ ಇಟ್ಟು ಬಂದಳು. ಸೊಸೆಗೂ ಪಕ್ಕದ ಮನೆಯವರಿಗೂ, ನೋಡಿ ಪೇಟೆಯಲ್ಲಿದ್ದುಕೊಂಡು ನಮ್ಮ ಹುಡುಗಿ ಉಳಿಸಿಟ್ಟಿದ್ದಾಳೆ ಎಂದು ಹೇಳಿದಳು. ಬಿತ್ತಿದ ವಾರಕ್ಕೆ ಫೋನು ಬಂತು. ಹಾಕಿದ್ದೆಲ್ಲ ಮೊಳೆತಿದೆ, ಒಂದೂ ಹುಸಿ ಹೋಗಿಲ್ಲ ಎಂದಳು. ಅಬ್ಬ ಎಂದುಕೊಂಡೆ. ಅವಳ ದನಿ ಯಾಕೆ ಅಷ್ಟು ಮೆಲ್ಲಗಿತ್ತೆಂದು ಯೋಚಿಸಲಿಲ್ಲ.

ಗೌರಿ ಹಬ್ಬಕ್ಕೆ ತವರಿನ ಬಾಗಿನ ಕೊಡಲು ಅತ್ತೆ ಪ್ರತಿವರ್ಷ ನನ್ನನ್ನು ಕರೆಯುತ್ತಾಳೆ. ಆ ವರ್ಷ ಹಬ್ಬ ತಡವಾಗಿ ಬಂದಿತ್ತು. ಮೊರದ ಬಾಗಿನ ಕೊಟ್ಟು, ಹೋಳಿಗೆ ಬಡಿಸಿ, ಹೊಲಕ್ಕೆ ಹೋಗಿ ಬರೋಣ ಬಾ ಎಂದಳು. ಹೊಲ ಮನೆಯಿಂದ ಕೂಗಳತೆಯಷ್ಟೇ. ದೂರದಿಂದಲೇ ಕಂಡಿತು. ರಾಗಿ ಇನ್ನೂ ತೆನೆ ಬಿಚ್ಚಿರಲಿಲ್ಲ. ಅದರ ನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ ಹೂ ಬಿಟ್ಟು, ಕೆಳಗಿನ ಗೊಂಚಲುಗಳಲ್ಲಿ ಕಾಯಿಯೂ ಕಟ್ಟಿತ್ತು.

ನಾನು ಅಲ್ಲೇ ನಿಂತೆ. ಸೊಗಡಿನ ಅವರೆ ಚಳಿ ಬೀಳದೆ ಹೂ ಬಿಡುವುದಿಲ್ಲ. ಯಾವ ತಿಂಗಳು ಬಿತ್ತಿದರೂ ಅದು ಚಳಿಗೇ ಕಾಯುತ್ತದೆ. ಹೀಗೆ ಭಾದ್ರಪದದಲ್ಲೇ ಅವಸರ ಮಾಡುವುದು ಅಂಗಡಿಯ ಹೊಸ ತಳಿ. ಇದು ಮೂರನೇ ವರ್ಷದ ಪಾಠದಲ್ಲಿತ್ತು, ನಾನು ಪರೀಕ್ಷೆಯಲ್ಲಿ ಬರೆದು ನಂಬರು ತೆಗೆದುಕೊಂಡಿದ್ದೆ.

ಬದುವಿನ ಮೇಲೆ ಹುಲ್ಲು ಹೊತ್ತು ಬರುತ್ತಿದ್ದ ಇಬ್ಬರು ಹೆಂಗಸರು ನಿಂತರು. ಒಬ್ಬಾಕೆ ನನ್ನನ್ನೂ ಹೊಲವನ್ನೂ ನೋಡಿ, ಅತ್ತೆಗೆ, ನಿಮ್ಮವ್ವನ ಅವರೆಗೆ ಈ ಸಲ ಏನಾಯಿತು, ಗೌರಿಗೇ ಹೂ ಬಿಟ್ಟಿದೆಯಲ್ಲ ಎಂದಳು. ಅತ್ತೆ ಥಟ್ಟನೆ ಉತ್ತರ ಕೊಟ್ಟಳು. ನಾಲ್ಕೈದು ವರ್ಷ ಮಣ್ಣು ಕಾಣದ ಬೀಜ, ದಿಕ್ಕು ತಪ್ಪಿದೆ, ಮುಂದಿನ ವರ್ಷ ಸರಿಹೋಗುತ್ತದೆ ಎಂದಳು. ಹೆಂಗಸರು ಹೂಂ ಎಂದು ಹೋದರು. ಹೋಗುವಾಗ ತಮ್ಮಲ್ಲೇ ಏನೋ ಹೇಳಿಕೊಂಡು ನಕ್ಕರು. ಇಡೀ ಆಯುಷ್ಯ ಒಕ್ಕಲುತನ ಮಾಡಿದವಳು ನನಗೋಸ್ಕರ ಊರಿನವರೆದುರು ಬೀಜ ಗೊತ್ತಿಲ್ಲದವಳಂತೆ ಮಾತಾಡಿದ್ದಳು.

ಅವರು ಮರೆಯಾದ ಮೇಲೆ ಅತ್ತೆ ಸಾಲಿಗೆ ಇಳಿದು ಒಂದು ಕಾಯಿ ಕಿತ್ತಳು. ಉಗುರಿನಿಂದ ಸಿಪ್ಪೆ ಸೀಳಿ ಮೂಸಿದಳು. ಆಮೇಲೆ ನನ್ನ ಮೂಗಿನ ಹತ್ತಿರ ಹಿಡಿದಳು. ಹಸಿ ಎಲೆಯ ವಾಸನೆ, ಬೇರೇನೂ ಇಲ್ಲ.

"ಮೊಳೆತ್ ದಿವ್ಸಾನೇ ಗೊತ್ತಾಯ್ತು ಮಗ. ಐದೊರ್ಸದ್ ಕಾಳು ಒಂದೂ ಬಿಡ್ದಂಗೆ ಮೊಳೆಯಾಕಿಲ್ಲ," ಎಂದಳು.

ಹಾಗಾದರೆ ಎರಡು ತಿಂಗಳಿನಿಂದ ಅವಳಿಗೆ ಗೊತ್ತು. ಗೊತ್ತಿದ್ದೂ ಕಳೆ ಕಿತ್ತಿದ್ದಳು, ಗೊತ್ತಿದ್ದೂ ನನ್ನನ್ನು ಬಾಗಿನಕ್ಕೆ ಕರೆದಿದ್ದಳು. ನನಗೆ ಅಳು ಬಂತು. ಅವಳ ಮುಖ ನೋಡಲಾಗದೆ ರಾಗಿಯ ಕಡೆ ನೋಡುತ್ತ, ಬೇಯಿಸಿಬಿಟ್ಟೆ ಅತ್ತೆ, ಮದುವೆಯಾದ ವಾರದಲ್ಲೇ ಬೇಯಿಸಿಬಿಟ್ಟೆ ಎಂದೆ.

ಅವಳು ಆ ಕಾಯಿಯನ್ನು ಎಸೆಯಲಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಮಡಿಕೆಗೆ ಹಾಕಿಕೊಂಡಳು. ಇನ್ನೂ ಎರಡು ಕಾಯಿ ಕಿತ್ತು ಅದರ ಜೊತೆ ಸೇರಿಸಿದಳು. ಬೈಗುಳಕ್ಕಾಗಿ ನಾನು ಕಾಯುತ್ತಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿದ್ದೆ.

"ಓಗ್ಲಿ ಬುಡು. ತಿನ್ನಾಕೆ ತಾನೆ ಬೆಳೆಯಾದು," ಎಂದಳು. ಎರಡು ಹೆಜ್ಜೆ ಮುಂದೆ ಹೋದವಳು ತಿರುಗಿ, ತವರಿನ ಸುದ್ದಿ ಕೇಳುವವಳ ಹಾಗೆ ಕೇಳಿದಳು.

"ಎಂಗಿತ್ತು? ರುಚಿಯಾಗಿತ್ತಾ?"

ಅದು ಅಜ್ಜಿಯ ಬೀಜದಿಂದ ಬಂದ ಕೊನೆಯ ಅವರೆ. ಅದರ ರುಚಿಯನ್ನು ಅವಳಿಗೆ ಹೇಳಬಲ್ಲವಳು ನಾನೊಬ್ಬಳೇ.

"ಚೆನ್ನಾಗಿತ್ತು ಅತ್ತೆ," ಎಂದೆ.

ನನಗೆ ನೆನಪಿಲ್ಲ. ಅವತ್ತು ಆಫೀಸಿನಲ್ಲಿ ಫೋನು ಹಿಡಿದುಕೊಂಡು, ಜಟ್ರೋಫಾ ಸಸಿಯ ಬಗ್ಗೆ ಯಾರಿಗೋ ಹೇಳುತ್ತ ಹೇಳುತ್ತ ಬಾಕ್ಸು ಖಾಲಿ ಮಾಡಿದ್ದೆ.